ಪೇಮೆಂಟ್ ಬಂದಿದೆ, ಶೀಟ್ ಬಾಕಿ ಅನ್ನುತ್ತಿದೆ: ತಪ್ಪು ಹುಡುಕುವ ಕ್ರಮ

ಫೋನ್ ಬಂದಾಗ ಬೆಳಿಗ್ಗೆ ಹತ್ತೂವರೆ. ಹರಿಹರದ ಪಾರ್ಟಿ. "ದುಡ್ಡು ಹಾಕಿ ಹದಿನೈದು ದಿನ ಆತು. ಇವತ್ತು ನಿಮ್ಮ ಹುಡುಗ ಫೋನ್ ಮಾಡಿ ಬಾಕಿ ಕೇಳ್ತಾನಲ್ರಿ?" ಅಂದರು. ದನಿಯಲ್ಲಿ ಕೋಪ ಇತ್ತು, ಮಾತಿನಲ್ಲಿ ನ್ಯಾಯವೂ ಇತ್ತು. ನಾನು ದಾವಣಗೆರೆಯಲ್ಲಿ ಒಂದು ಪೈಪ್ ಹೋಲ್‌ಸೇಲ್ ಅಂಗಡಿಯ ಲೆಕ್ಕ ನೋಡುವವನು. ಬಾಕಿ ಪಟ್ಟಿಯ ಎಕ್ಸೆಲ್ ಶೀಟ್ ಮಾಡಿದ್ದು ನಾನೇ. ಬ್ಯಾಂಕ್ ಸ್ಟೇಟ್‌ಮೆಂಟ್ ಅಂಟಿಸಿದರೆ ಸಾಕು, ಯಾವ ಪೇಮೆಂಟ್ ಯಾವ ಬಿಲ್‌ಗೆ ಅಂತ ತಾನೇ ಹೇಳುತ್ತದೆ ಅಂತ ಸಾಹುಕಾರ್ರ ಮುಂದೆ ಜಂಬ ಕೊಚ್ಚಿದವನೂ ನಾನೇ.

ಶೀಟ್ ತೆಗೆದು ನೋಡಿದೆ. ಅವರ ಬಿಲ್ 11,800 ರೂಪಾಯಿ. ಅದೇ ತಿಂಗಳು ಚಿತ್ರದುರ್ಗದ ಒಂದು ಪಾರ್ಟಿಗೂ 11,800ರ ಬಿಲ್ ಹೋಗಿತ್ತು. ಹತ್ತು ಸಾವಿರದ ಮಾಲು, ಮೇಲೆ ಶೇ 18 ಜಿಎಸ್‌ಟಿ. ಇಂಥ ಮೊತ್ತ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ನನ್ನ ಫಾರ್ಮುಲಾ ಮೊತ್ತ ನೋಡಿ ಬಿಲ್ ಹುಡುಕುತ್ತಿತ್ತು. ಅದರಲ್ಲಿದ್ದದ್ದು ವಿಲುಕಪ್, ಪಟ್ಟಿಯಲ್ಲಿ ಹುಡುಕಿ ಕೊಡುವ ಫಂಕ್ಷನ್. ಅದಕ್ಕೆ ಮೊದಲು ಸಿಕ್ಕಿದ್ದೇ ಉತ್ತರ, ಮುಂದೆ ನೋಡುವುದೇ ಇಲ್ಲ. ಎರಡೂ ಪೇಮೆಂಟನ್ನು ಒಯ್ದು ಚಿತ್ರದುರ್ಗದ ಬಿಲ್‌ಗೇ ಹಾಕಿ ಸುಮ್ಮನೆ ಕೂತಿತ್ತು. ಎರರ್ ಇಲ್ಲ, ಏನೂ ಇಲ್ಲ.

ಮೊದಲೆಲ್ಲ ಶೀಟ್‌ನಲ್ಲಿ #ಎನ್/ಎ ಕಂಡರೆ ನನಗೆ ಎದೆ ಢವ ಢವ ಅನ್ನುತ್ತಿತ್ತು. ಈಗ ಅದು ಕಂಡರೆ ಒಂಥರಾ ಸಮಾಧಾನ. "ನನಗೆ ಸಿಗಲಿಲ್ಲ ಮಾರಾಯಾ" ಅಂತ ಒಪ್ಪಿಕೊಳ್ಳುವ ಸಾಲು ಅದು. ಹೆದರಬೇಕಾದ್ದು ತಪ್ಪು ಬಿಲ್ ನಂಬರ್ ಇಟ್ಟುಕೊಂಡು ಸಾಚಾ ಮುಖ ಮಾಡಿಕೊಂಡು ಕೂತ ಸಾಲಿಗೆ. ಅದಕ್ಕೇ ಮೊದಲು ಸುಳ್ಳು ಹೊಂದಾಣಿಕೆ ಹುಡುಕುತ್ತೇನೆ, ಸಿಗದೇ ಹೋದವು ಆಮೇಲೆ.

ಫಾರ್ಮುಲಾ ಮುಟ್ಟುವ ಮೊದಲು

ಫೈಲ್‌ನ ಒಂದು ಕಾಪಿ ಮಾಡಿಟ್ಟುಕೊಳ್ಳಿ. ಆಮೇಲೆ ಖಾಲಿ ಜಾಗದಲ್ಲಿ ಮೂರು ಮೊತ್ತ ತೆಗೆಯಿರಿ. ಬ್ಯಾಂಕಿಗೆ ಬಂದ ಒಟ್ಟು ಜಮೆ ಒಂದು. ಬಿಲ್‌ಗೆ ಹೊಂದಿಸಿದ ಒಟ್ಟು ಇನ್ನೊಂದು. ಹೊಂದದೇ ಉಳಿದಿದ್ದು ಮೂರನೆಯದು. ಮೊದಲನೆಯದು ಉಳಿದೆರಡರ ಮೊತ್ತಕ್ಕೆ ಸಮ ಇರಬೇಕು. ಇಲ್ಲದಿದ್ದರೆ ಎಲ್ಲೋ ಒಂದು ಪೇಮೆಂಟ್ ಎರಡು ಸಲ ಎಣಿಕೆಯಾಗಿದೆ ಅಥವಾ ಎಣಿಕೆಗೇ ಸಿಕ್ಕಿಲ್ಲ.

ಈ ಮೊತ್ತ ತೆಗೆಯುವಾಗ ಫಿಲ್ಟರ್ ಬಿಚ್ಚಿ. ಫಿಲ್ಟರ್ ಇದ್ದರೆ ಕಿಟಕಿಯ ಕೆಳಗಿನ ಪಟ್ಟಿಯಲ್ಲಿ (ಸ್ಟೇಟಸ್ ಬಾರ್) ಕಾಣುವ ಮೊತ್ತ ಕಣ್ಣಿಗೆ ಬೀಳುವ ಸಾಲುಗಳದ್ದು ಮಾತ್ರ. ಸಮ್ ಫಾರ್ಮುಲಾ ಮಾತ್ರ ಮರೆಯಾದ ಸಾಲುಗಳನ್ನೂ ಸೇರಿಸಿಕೊಳ್ಳುತ್ತದೆ. ಈ ಎರಡರ ನಡುವಿನ ವ್ಯತ್ಯಾಸವನ್ನು ತಪ್ಪು ಅಂದುಕೊಂಡು ನಾನು ಒಂದು ಮಧ್ಯಾಹ್ನ ಪೂರ್ತಿ ಕಳೆದಿದ್ದೇನೆ.

ಮೂರು ಮೊತ್ತ ಟ್ಯಾಲಿ ಆದರೂ ಕೆಲಸ ಮುಗಿಯಲಿಲ್ಲ. ಹರಿಹರದ ಪ್ರಕರಣದಲ್ಲಿ ಅವು ಟ್ಯಾಲಿ ಆಗಿಯೇ ಇದ್ದವು! ದುಡ್ಡು ಎಲ್ಲೂ ಹೋಗಿರಲಿಲ್ಲ, ತಪ್ಪು ಮನೆಗೆ ಹೋಗಿತ್ತು ಅಷ್ಟೇ. ಹಾಗಾಗಿ ಬಿಲ್ ಶೀಟ್‌ನಲ್ಲಿ ಇನ್ನೊಂದು ಕಾಲಂ ಹಾಕಿ. ಷರತ್ತಿಗೆ ಹೊಂದುವ ಸಾಲುಗಳನ್ನಷ್ಟೇ ಕೂಡುವ ಸಮ್‌ಇಫ್ಸ್‌ನಿಂದ ಪ್ರತಿ ಬಿಲ್‌ಗೆ ಬಂದ ಒಟ್ಟು ತೆಗೆಯಿರಿ. ಅದು ಬಿಲ್ ಮೊತ್ತಕ್ಕಿಂತ ಜಾಸ್ತಿ ಇರುವ ಸಾಲುಗಳನ್ನು ಬೇರೆ ಮಾಡಿ. ಚಿತ್ರದುರ್ಗದ ಬಿಲ್‌ನ ಎದುರು 23,600 ಅಂತ ಬಂತು. 11,800ರ ಬಿಲ್‌ಗೆ 23,600 ಯಾರು ಕೊಡುತ್ತಾರೆ, ಅಲ್ವಾ?

ಫಾರ್ಮುಲಾ ಯಾವ ದಿಕ್ಕಿನಲ್ಲಿ ಹುಡುಕುತ್ತಿದೆ ಅನ್ನುವುದನ್ನೂ ನೋಡಿ. ನನ್ನದು ಬ್ಯಾಂಕ್ ಸಾಲಿನಿಂದ ಬಿಲ್ ಹುಡುಕುತ್ತಿತ್ತು. ಅದರಲ್ಲಿ ತಪ್ಪಾದರೆ ಕೊಟ್ಟವರನ್ನು ಮತ್ತೆ ಕೇಳುತ್ತೇವೆ, ಮರ್ಯಾದೆ ಹೋಗುತ್ತದೆ. ಕೆಲವರು ಬಿಲ್ ಸಾಲಿನಿಂದ ಬ್ಯಾಂಕಿನಲ್ಲಿ ಹುಡುಕುತ್ತಾರೆ. ಆಗ ಒಂದೇ ಪೇಮೆಂಟ್ ಎರಡು ಬಿಲ್‌ಗೂ ಸಿಗುತ್ತದೆ. ಎರಡೂ "ಬಂದಿದೆ" ಅಂತ ತೋರಿಸುತ್ತವೆ. ಅಲ್ಲಿ ಹೋಗುವುದು ದುಡ್ಡೇ.

ಒಂದೇ ಮೊತ್ತದ ಎರಡು ಬಿಲ್

ಇದಕ್ಕೆ ಸುಲಭದ ಉಪಾಯ ಕ್ರಮಸಂಖ್ಯೆ ಅಂಟಿಸುವುದು. ಎರಡೂ ಶೀಟ್‌ನಲ್ಲಿ ಒಂದು ಸಹಾಯದ ಕಾಲಂ ಮಾಡಿ. ಪಾರ್ಟಿ ಕೋಡ್ (ಪ್ರತಿ ಪಾರ್ಟಿಗೆ ನಾವೇ ಕೊಟ್ಟ ಗುರುತು, ಬ್ಯಾಂಕ್ ಸಾಲಿಗೆ ಅದನ್ನು ತರುವ ಬಗೆ ಮುಂದೆ ಹೇಳುತ್ತೇನೆ), ಮೊತ್ತ, ಆ ಜೋಡಿ ಎಷ್ಟನೇ ಸಲ ಬಂತು ಅನ್ನುವ ಸಂಖ್ಯೆ, ಈ ಮೂರನ್ನು ನಡುವೆ ಒಂದು ಗೆರೆ ಹಾಕಿ ಸೇರಿಸಿ. ಎಷ್ಟನೇ ಸಲ ಅಂತ ತಿಳಿಯಲು ಕೌಂಟ್‌ಇಫ್ಸ್ ಸಾಕು. ರೇಂಜ್‌ನ ಮೊದಲ ಸೆಲ್‌ಗೆ ಡಾಲರ್ ಚಿಹ್ನೆ ಹಾಕಿ ಕಟ್ಟಿಹಾಕಿ, ಕೊನೆಯ ಸೆಲ್‌ಗೆ ಡಾಲರ್ ಹಾಕಬೇಡಿ. ಕೆಳಗೆ ಎಳೆದಂತೆ ರೇಂಜ್ ಬೆಳೆಯುತ್ತಾ ಹೋಗುತ್ತದೆ, ಎಣಿಕೆ 1, 2, 3 ಅಂತ ಏರುತ್ತದೆ. ಈಗ ಎರಡನೇ ಪೇಮೆಂಟ್ ಎರಡನೇ ಬಿಲ್ ಹುಡುಕಿಕೊಂಡು ಹೋಗುತ್ತದೆ.

ಪಾರ್ಟಿ ಕೋಡ್ ಸೇರಿಸದೇ ಬರೀ ಮೊತ್ತಕ್ಕೆ ಕ್ರಮಸಂಖ್ಯೆ ಹಾಕಿದರೆ ಪ್ರಯೋಜನವಿಲ್ಲ. ಹರಿಹರದವರು ಮೊದಲು ಕೊಟ್ಟರೆ ಅದು ಮತ್ತೆ ಚಿತ್ರದುರ್ಗದ ಬಿಲ್‌ಗೇ ಹೋಗುತ್ತದೆ.

ನಾಲ್ಕನೇ ಖಾನೆ ಖಾಲಿ

ವಿಲುಕಪ್‌ಗೆ ನಾಲ್ಕು ಮಾಹಿತಿ ಕೊಡಬೇಕು. ನಾಲ್ಕನೆಯದನ್ನು ಬಿಟ್ಟರೆ ಅದು "ಹೆಚ್ಚುಕಡಿಮೆ ಸರಿ ಇದ್ದರೆ ಸಾಕು" ಅಂತ ತಿಳಿದುಕೊಳ್ಳುತ್ತದೆ. 11,790 ಹುಡುಕಿದರೆ ಅದಕ್ಕಿಂತ ಕಡಿಮೆ ಇರುವ ಹತ್ತಿರದ ಮೊತ್ತ, ಉದಾಹರಣೆಗೆ 11,500ರ ಬಿಲ್, ತಂದುಕೊಡುತ್ತದೆ. ಪಟ್ಟಿ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿರದಿದ್ದರೆ ಏನು ತರುತ್ತದೆ ಅಂತ ದೇವರಿಗೇ ಗೊತ್ತು. ಆ ಜಾಗದಲ್ಲಿ ಫಾಲ್ಸ್ ಅಥವಾ ಸೊನ್ನೆ ಇರಲೇಬೇಕು. ಎಕ್ಸೆಲ್ 2021 ಅಥವಾ 365 ಇದ್ದರೆ ಎಕ್ಸ್‌ಲುಕಪ್ ಬಳಸಿ. ಅದು ಏನೂ ಹೇಳದಿದ್ದರೂ ತಂತಾನೇ ಪೂರ್ತಿ ಹೊಂದುವುದನ್ನೇ ಹುಡುಕುತ್ತದೆ.

ಇದರ ಜೊತೆಗೇ ನೋಡಬೇಕಾದ್ದು ಡಾಲರ್ ಚಿಹ್ನೆ. ಫಾರ್ಮುಲಾವನ್ನು ಕೆಳಗೆ ಎಳೆದಾಗ ಹುಡುಕುವ ರೇಂಜೂ ಜಾರಿದರೆ ಮೇಲಿನ ಬಿಲ್‌ಗಳು ಒಂದೊಂದಾಗಿ ಕೈಬಿಡುತ್ತವೆ. ಇದರ ಗುರುತು ಸುಲಭ. ಶೀಟ್‌ನ ಮೇಲಿನ ಸಾಲುಗಳೆಲ್ಲ ಸರಿ, ಕೆಳಗೆ ಹೋದಂತೆ ಹಳೆಯ ಬಿಲ್‌ಗಳು ಸಿಗುತ್ತಿಲ್ಲ. ಹಾಗೇ, ರೇಂಜ್ 500ನೇ ಸಾಲಿಗೆ ನಿಂತಿದ್ದು ಬಿಲ್‌ಗಳು 620 ಆಗಿದ್ದರೆ ಹೊಸ ಬಿಲ್‌ಗಳು ಸಿಗುವುದಿಲ್ಲ. ಪಟ್ಟಿಯನ್ನು ಟೇಬಲ್ ಮಾಡಿಬಿಟ್ಟರೆ ಎರಡೂ ರಗಳೆ ಮುಗಿಯಿತು.

ಎಲ್ಲ ಸಾಲಿನಲ್ಲೂ ಒಂದೇ ಉತ್ತರ ಬಂದರೆ ಫಾರ್ಮುಲಾ ಬಯ್ಯಬೇಡಿ. ಲೆಕ್ಕಾಚಾರ ಮ್ಯಾನ್ಯುಯಲ್‌ಗೆ ಹೋಗಿರುತ್ತದೆ. ಎಫ್9 ಒತ್ತಿ.

ಇನ್ನೊಂದು ಮಾತು. ಇಫ್‌ಎರರ್ ಹಾಕಿ ಎಲ್ಲ #ಎನ್/ಎಗಳನ್ನು ಸೊನ್ನೆ ಮಾಡಿಟ್ಟವರು ತಪ್ಪು ಹುಡುಕುವಾಗಲಾದರೂ ಅದನ್ನು ತೆಗೆಯಿರಿ. ಗಾಯಕ್ಕೆ ಬಟ್ಟೆ ಮುಚ್ಚಿ ಡಾಕ್ಟರಿಗೆ ತೋರಿಸಿದ ಹಾಗಾಗುತ್ತದೆ.

ಕಣ್ಣಿಗೆ ಒಂದೇ, ಶೀಟ್‌ಗೆ ಬೇರೆ

ಈಗ #ಎನ್/ಎಗೆ ಬರೋಣ. ಬಿಲ್ ನಂಬರ್ ಎರಡೂ ಕಡೆ ಇದೆ, ಕಣ್ಣಿಗೆ ಕಾಣುತ್ತಿದೆ, ಆದರೂ ಸಿಗುತ್ತಿಲ್ಲ. ನಮ್ಮ ಬಿಲ್ ನಂಬರ್ "ಎಸ್‌ಟಿ/25-26/0147" ಥರ ಇರುತ್ತದೆ. ಜಿಎಸ್‌ಟಿ ನಿಯಮದ ಪ್ರಕಾರ ಬಿಲ್ ನಂಬರ್ 16 ಅಕ್ಷರ ಮೀರುವಂತಿಲ್ಲ, ಅಕ್ಷರ, ಅಂಕಿ, ಅಡ್ಡಗೆರೆ, ಓರೆಗೆರೆ ಇಷ್ಟೇ ಇರಬಹುದು. ಇಂಗ್ಲಿಷಿನಲ್ಲಿ ಎಣಿಸಿದರೆ ನಮ್ಮದು 13 ಅಕ್ಷರ. ಎರಡೂ ಸೆಲ್‌ಗಳ ಪಕ್ಕ ಅಕ್ಷರ ಎಣಿಸುವ ಲೆನ್ ಫಂಕ್ಷನ್ ಹಾಕಿ ನೋಡಿದೆ. ಒಂದು ಕಡೆ 13, ಇನ್ನೊಂದು ಕಡೆ 14. ಆ ಹದಿನಾಲ್ಕನೆಯದು ಕಾಣದ ಕಳ್ಳ.

ಮಾಮೂಲಿ ಖಾಲಿ ಜಾಗ ಆಗಿದ್ದರೆ ಟ್ರಿಮ್ ತೆಗೆಯುತ್ತದೆ. ಬ್ಯಾಂಕಿನ ವೆಬ್‌ಸೈಟಿನಿಂದ ಕಾಪಿ ಮಾಡಿದ್ದರಲ್ಲಿ ಇನ್ನೊಂದು ಜಾತಿಯ ಖಾಲಿ ಜಾಗ ಬರುತ್ತದೆ, ಅದರ ಕೋಡ್ 160. ಟ್ರಿಮ್ ಅದನ್ನು ಮುಟ್ಟುವುದೇ ಇಲ್ಲ. ಕೊನೆಯ ಅಕ್ಷರವನ್ನು ರೈಟ್‌ನಿಂದ ತೆಗೆದು ಕೋಡ್ ಫಂಕ್ಷನ್‌ಗೆ ಕೊಡಿ. 32 ಬಂದರೆ ಟ್ರಿಮ್ ಸಾಕು. 160 ಬಂದರೆ ಸಬ್‌ಸ್ಟಿಟ್ಯೂಟ್ ಬಳಸಿ 160ನೇ ಅಕ್ಷರದ ಜಾಗದಲ್ಲಿ ಏನೂ ಇಲ್ಲದ್ದನ್ನು ಹಾಕಬೇಕು. 10 ಅಥವಾ 13 ಬಂದರೆ ಸಾಲು ಮುರಿದ ಗುರುತು, ಕ್ಲೀನ್ ತೆಗೆಯುತ್ತದೆ.

ಪಾರ್ಟಿ ಹೆಸರನ್ನು ಕನ್ನಡದಲ್ಲಿ ಇಟ್ಟುಕೊಂಡವರಿಗೆ ಇನ್ನೂ ಎರಡು ತಾಪತ್ರಯ ಇವೆ. ಹಳೆಯ ಪಟ್ಟಿ ನುಡಿ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಟೈಪ್ ಆಗಿದ್ದು, ಹೊಸದು ಯೂನಿಕೋಡ್‌ನಲ್ಲಿದ್ದರೆ ಎರಡೂ ಎಂದಿಗೂ ಹೊಂದುವುದಿಲ್ಲ. ಹಳೆಯದು ಕನ್ನಡದ ವೇಷ ಹಾಕಿದ ಇಂಗ್ಲಿಷ್ ಕೋಡ್. ಆ ಕಾಲಂ ಆಯ್ದು ಫಾಂಟನ್ನು ಏರಿಯಲ್ ಮಾಡಿ ನೋಡಿ, ವೇಷ ಕಳಚಿ ಗಜಿಬಿಜಿ ಅಕ್ಷರ ಕಾಣುತ್ತದೆ. ಅದನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳದೇ ಬೇರೆ ದಾರಿ ಇಲ್ಲ. ಎರಡನೆಯದು ಒತ್ತಕ್ಷರ ಆಗದಂತೆ ನಡುವೆ ಹಾಕುವ ಕಾಣದ ಅಕ್ಷರ. "ರಾಜ್‌ಕುಮಾರ್" ಅಂತ ಬರೆಯಲು ಅದು ಬೇಕು. ಒಂದು ಫೋನಿನ ಕೀಬೋರ್ಡ್ ಹೆಸರಿನ ಕೊನೆಯಲ್ಲೂ ಅದನ್ನು ಅಂಟಿಸಿ ಬಿಡುತ್ತದೆ, ಇನ್ನೊಂದು ಅಂಟಿಸುವುದಿಲ್ಲ. ಅದರ ನಂಬರ್ 8204, ಅದರ ತಮ್ಮನದು, ಅಂದರೆ ಅಕ್ಷರ ಕೂಡಿಸಲು ಹಾಕುವ ಕಾಣದ ಅಕ್ಷರದ್ದು, 8205. ಯೂನಿಕ್ಯಾರ್ ಫಂಕ್ಷನ್‌ಗೆ ಆ ನಂಬರ್ ಕೊಟ್ಟು, ಸಬ್‌ಸ್ಟಿಟ್ಯೂಟ್‌ನಿಂದ ಎರಡೂ ಶೀಟ್‌ನಲ್ಲಿ ತೆಗೆದುಬಿಡಿ.

ಇಂಗ್ಲಿಷಿನಲ್ಲಿ ಹೆಸರಿದ್ದರೆ ಆರಾಮ ಅಂದುಕೊಳ್ಳಬೇಡಿ. ಕನ್ನಡದ ಒಂದು "ಶ್ರೀ"ಯನ್ನು ಇಂಗ್ಲಿಷಿನಲ್ಲಿ ಮೂರು ಥರ ಬರೆಯುತ್ತಾರೆ. "ಮಂಜುನಾಥ"ನ ಕೊನೆಗೆ ಒಬ್ಬರು ಎ ಹಾಕುತ್ತಾರೆ, ಒಬ್ಬರು ಹಾಕುವುದಿಲ್ಲ. ಮೇಲೆ ಬ್ಯಾಂಕಿನ ವಿವರದ ಕಾಲಂ ಉದ್ದದ ಹೆಸರನ್ನು ಅರ್ಧಕ್ಕೇ ಕತ್ತರಿಸುತ್ತದೆ. ಶ್ರೀ ಅಂತ ಶುರುವಾಗುವ ಪಾರ್ಟಿಗಳೇ ನಮ್ಮಲ್ಲಿ ಒಂದು ಪುಟ ಇದ್ದಾರೆ. ಹೆಸರಿನ ಮೇಲೆ ಹೊಂದಿಸುವ ಆಸೆ ನಾನು ಬಿಟ್ಟೆ. ಒಂದು ಅನುವಾದದ ಪಟ್ಟಿ ಮಾಡಿದ್ದೇನೆ. ಎಡಕ್ಕೆ ಬ್ಯಾಂಕಿನಲ್ಲಿ ಬರುವ ರೂಪ, ಬಲಕ್ಕೆ ನಮ್ಮ ಪಾರ್ಟಿ ಕೋಡ್. ಹೊಸ ರೂಪ ಬಂದಾಗ ಒಂದು ಸಾಲು ಸೇರಿಸುತ್ತೇನೆ. ಶುರುವಿನಲ್ಲಿ ದಿನಕ್ಕೆ ಹತ್ತು ಸೇರಿಸುತ್ತಿದ್ದೆ, ಈಗ ವಾರಕ್ಕೆ ಒಂದು ಬಂದರೆ ಹೆಚ್ಚು.

ಅಂಕಿಯ ವೇಷ ಹಾಕಿದ ಪಠ್ಯ

ಸೆಲ್‌ನಲ್ಲಿ ಅಂಕಿ ಎಡಕ್ಕೆ ಅಂಟಿಕೊಂಡಿದ್ದರೆ, ಮೂಲೆಯಲ್ಲಿ ಹಸಿರು ತ್ರಿಕೋನ ಇದ್ದರೆ, ಅದು ಅಂಕಿಯಲ್ಲ, ಪಠ್ಯ. ಇಸ್‌ನಂಬರ್ ಕೇಳಿ ನೋಡಿ, ಫಾಲ್ಸ್ ಅನ್ನುತ್ತದೆ. ಮೊತ್ತದ ಕಾಲಂ ಹೀಗಿದ್ದರೆ ವ್ಯಾಲ್ಯೂ ಫಂಕ್ಷನ್‌ನಿಂದ ಅಂಕಿ ಮಾಡಿ. ರೆಫರೆನ್ಸ್ ನಂಬರ್‌ಗೆ ಇದರ ಉಲ್ಟಾ ಮಾಡಬೇಕು, ಅದು ಎರಡೂ ಕಡೆ ಪಠ್ಯವಾಗಿಯೇ ಇರಬೇಕು.

ಏಕೆ ಅಂತ ಹೇಳುತ್ತೇನೆ. ಯುಪಿಐ, ಐಎಂಪಿಎಸ್ ರೆಫರೆನ್ಸ್ ನಂಬರ್ 12 ಅಂಕಿ. ಬ್ಯಾಂಕಿನಿಂದ ಇಳಿಸಿದ ಸಿಎಸ್‌ವಿ ಫೈಲನ್ನು (ಅಲ್ಪವಿರಾಮದಿಂದ ಬೇರೆ ಮಾಡಿದ ಬರೀ ಪಠ್ಯದ ಫೈಲ್) ಡಬಲ್ ಕ್ಲಿಕ್ ಮಾಡಿ ತೆರೆದರೆ ಎಕ್ಸೆಲ್ ಅದನ್ನು 4.12ರ ಮುಂದೆ ಇ+11 ಅಂತ ಚಿಕ್ಕದು ಮಾಡಿ ತೋರಿಸುತ್ತದೆ. ಒಳಗೆ ಪೂರ್ತಿ ನಂಬರ್ ಇನ್ನೂ ಇರುತ್ತದೆ. ಆದರೆ ಹಾಗೇ ಸಿಎಸ್‌ವಿಯಾಗಿ ಸೇವ್ ಮಾಡಿದಿರೋ, ತೋರಿಸಿದ್ದೇ ಉಳಿಯುತ್ತದೆ, ಬಾಕಿ ಅಂಕಿಗಳು ಹೋದವು. 15 ಅಂಕಿ ದಾಟಿದ ನಂಬರ್ ಆದರೆ ಸೇವ್ ಮಾಡುವವರೆಗೂ ಕಾಯುವುದಿಲ್ಲ, 16ನೆಯದರಿಂದ ಮುಂದೆ ಸೊನ್ನೆಯೇ. ಹಾಗಾಗಿ ಡೇಟಾ ಟ್ಯಾಬ್‌ಗೆ ಹೋಗಿ ಅಲ್ಲಿಂದ ಫೈಲ್ ತರಿಸಿಕೊಳ್ಳಿ, ಆ ಕಾಲಂ ಟೆಕ್ಸ್ಟ್ ಅಂತ ಹೇಳಿ.

ಈ 12 ಅಂಕಿಯಲ್ಲೊಂದು ತಮಾಷೆ ಇದೆ. ಸಾಮಾನ್ಯವಾಗಿ ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಮುಂದಿನ ಮೂರು ವರ್ಷದ ಎಷ್ಟನೇ ದಿನ ಅನ್ನುವುದು. ಅಂದರೆ 2020ರ ನಂಬರ್‌ಗಳು ಸೊನ್ನೆಯಿಂದ ಶುರು. ಎಕ್ಸೆಲ್ ಮುಂದಿನ ಸೊನ್ನೆ ನುಂಗಿಬಿಡುತ್ತದೆ. 2030ರ ಜನವರಿಗೆ ಮತ್ತೆ ಅದೇ ಕಥೆ ಬರುತ್ತದೆ, ಈಗಲೇ ಪಠ್ಯ ಮಾಡಿಟ್ಟುಕೊಂಡವರು ಬಚಾವ್.

ಪಠ್ಯ ಮಾಡಿದ ಮೇಲೂ ಕೌಂಟ್‌ಇಫ್ ಒಂದು ಕಡೆ ಕೈಕೊಡುತ್ತದೆ. ಬರೀ ಅಂಕಿಯ ಉದ್ದ ಪಠ್ಯವನ್ನು ಅದು ಒಳಗೊಳಗೇ ಅಂಕಿ ಮಾಡಿಕೊಂಡು ಹೋಲಿಸುತ್ತದೆ. ಮೊದಲ 15 ಅಂಕಿ ಒಂದೇ ಇದ್ದರೆ ಬೇರೆ ಬೇರೆ ನಂಬರನ್ನೂ ಡುಪ್ಲಿಕೇಟ್ ಅನ್ನುತ್ತದೆ. ಮುಂದೆ ಒಂದು ಅಕ್ಷರ ಅಂಟಿಸಿ ಹೋಲಿಸಿದರೆ ಸರಿಹೋಗುತ್ತದೆ.

ತಾರೀಖಿನದೂ ಇದೇ ಜಾತಿಯ ರೋಗ. ತಾರೀಖಿನ ಕಾಲಂನ ಮೇಲೆ ಕಣ್ಣು ಹಾಯಿಸಿ. ತಿಂಗಳ 12ರವರೆಗಿನ ತಾರೀಖುಗಳು ಬಲಕ್ಕೆ, 13ರಿಂದ ಮುಂದಿನವು ಎಡಕ್ಕೆ ಇದ್ದರೆ ವಿಷಯ ಗೊತ್ತಾಯಿತು. ಶೀಟ್ ಅಮೆರಿಕದ ಪದ್ಧತಿಯಲ್ಲಿ ಓದುತ್ತಿದೆ. ಏಪ್ರಿಲ್ 5 ಅದಕ್ಕೆ ಮೇ 4. ಹದಿಮೂರನೇ ತಿಂಗಳು ಇಲ್ಲದ್ದರಿಂದ 13/04 ಅನ್ನು ಪಠ್ಯವಾಗಿ ಬಿಟ್ಟಿದೆ. ಎಡಕ್ಕಿರುವವು ಸರಿಯಾದ ತಾರೀಖು, ಬಲಕ್ಕಿರುವವೇ ತಪ್ಪು! ಗೂಗಲ್ ಶೀಟ್ಸ್‌ನಲ್ಲಿ ಫೈಲ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಲೊಕೇಲ್ ಇಂಡಿಯಾ ಮಾಡಿ, ಆಮೇಲೆ ಸ್ಟೇಟ್‌ಮೆಂಟ್ ಹೊಸದಾಗಿ ಅಂಟಿಸಿ.

ಮೊತ್ತವೇ ಬೇರೆ ಬಂದಾಗ

ಇಲ್ಲಿ ಶೀಟ್‌ನ ತಪ್ಪೇನೂ ಇಲ್ಲ, ಪಾರ್ಟಿ ಕಡಿಮೆ ಹಾಕಿದ್ದಾರೆ. ಏಕೆ ಕಡಿಮೆ ಅನ್ನುವುದನ್ನು ಆ ವ್ಯತ್ಯಾಸವೇ ಹೇಳುತ್ತದೆ. ಒಂದು ಬಿಲ್ ನೋಡೋಣ. ಫಿಟ್ಟಿಂಗ್ ಕೆಲಸದ ಬಿಲ್, 1,00,000ಕ್ಕೆ ಜಿಎಸ್‌ಟಿ 18,000 ಸೇರಿ 1,18,000. ಬಂದಿದ್ದು 1,16,000. ವ್ಯತ್ಯಾಸ 2,000. ಅದನ್ನು ತೆರಿಗೆ ಸೇರಿಸದ ಮೊತ್ತಕ್ಕೆ ಭಾಗಿಸಿ, ಸರಿಯಾಗಿ ಶೇ 2 ಬಂತು. ಗುತ್ತಿಗೆ ಕೆಲಸಕ್ಕೆ ಕಂಪನಿಗೋ ಪಾಲುದಾರಿಕೆ ಸಂಸ್ಥೆಗೋ ಕೊಡುವಾಗ ಹಿಡಿಯುವ ಟಿಡಿಎಸ್ ಅದು, ದುಡ್ಡು ಕೊಡುವವರೇ ಮೊದಲೇ ಕಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ. ಒಬ್ಬ ವ್ಯಕ್ತಿಯ ಹೆಸರಿನ ಅಂಗಡಿ ಆದರೆ ಶೇ 1. ಬಿಲ್‌ನಲ್ಲಿ ಜಿಎಸ್‌ಟಿ ಬೇರೆ ತೋರಿಸಿದ್ದರೆ ಅದರ ಮೇಲೆ ಟಿಡಿಎಸ್ ಹಿಡಿಯುವಂತಿಲ್ಲ. ಆದರೂ ಕೆಲವರು ಪೂರ್ತಿ ಬಿಲ್ ಮೇಲೆ ಹಿಡಿದು 1,15,640 ಕಳಿಸುತ್ತಾರೆ. ಹಾಗಾಗಿ ಭಾಗಾಕಾರವನ್ನು ಎರಡು ಸಲ ಮಾಡಿ, ತೆರಿಗೆ ಬಿಟ್ಟು ಒಂದು ಸಲ, ಸೇರಿಸಿ ಒಂದು ಸಲ.

ಬರೀ ಮಾಲು ಕೊಳ್ಳುವವರದು ಬೇರೆ. ಹತ್ತು ಕೋಟಿಗಿಂತ ಜಾಸ್ತಿ ವಹಿವಾಟಿನ ಪಾರ್ಟಿ ವರ್ಷಕ್ಕೆ ನಮ್ಮೊಬ್ಬರಿಂದ 50 ಲಕ್ಷ ದಾಟಿ ಕೊಂಡರೆ, ದಾಟಿದ್ದರ ಮೇಲೆ ಶೇ 0.1 ಟಿಡಿಎಸ್ ಹಿಡಿಯುತ್ತಾರೆ. 2021ರ ಜುಲೈ 1ರಿಂದ ಇದು ಬಂದಿದೆ. ಇದರ ಗುರುತೇನೆಂದರೆ ವರ್ಷದ ಶುರುವಿನಲ್ಲಿ ಬಿಲ್‌ಗಳು ಚೊಕ್ಕ ಹೊಂದುತ್ತವೆ, ನಡುವೆ ಒಂದು ದಿನದಿಂದ ಎಲ್ಲವೂ ಚೂರು ಚೂರು ಕಡಿಮೆ. ಸರ್ಕಾರಿ ಇಲಾಖೆಗೆ ಎರಡೂವರೆ ಲಕ್ಷ ಮೀರಿದ ಒಪ್ಪಂದದಲ್ಲಿ ಮಾಲು ಕೊಟ್ಟರೆ ಜಿಎಸ್‌ಟಿಯ ಟಿಡಿಎಸ್ ಅಂತ ಶೇ 2 ಬೇರೆ ಹೋಗುತ್ತದೆ.

ವ್ಯತ್ಯಾಸ ಒಂದು ರೂಪಾಯಿ ಒಳಗಿದ್ದರೆ ಪೈಸೆ ಬಿಟ್ಟಿದ್ದಾರೆ ಅಷ್ಟೇ. ಬಿಲ್ ಮೊತ್ತಕ್ಕೆ ರೌಂಡ್ ಹಾಕಿ. ಪೂರ್ತಿ ಬಿಲ್‌ನ ಶೇ 2 ಅಥವಾ 3 ಕಡಿಮೆ, ಹತ್ತು ದಿನದೊಳಗೆ ಬಂದ ಪೇಮೆಂಟ್ ಅಂದರೆ ಸಿಡಿ (ಬೇಗ ಕೊಟ್ಟಿದ್ದಕ್ಕೆ ರಿಯಾಯಿತಿ, ಕ್ಯಾಶ್ ಡಿಸ್ಕೌಂಟ್) ಕಟ್ ಮಾಡಿದ್ದಾರೆ, ಸಾಹುಕಾರ್ರು ಒಪ್ಪಿದ್ದರೇ ಅಂತ ಕೇಳಬೇಕು. ಯಾವ ಶೇಕಡಕ್ಕೂ ಬಗ್ಗದ ವ್ಯತ್ಯಾಸ ಬಹುಪಾಲು ವಾಪಸ್ ಬಂದ ಮಾಲಿನದು, ಕ್ರೆಡಿಟ್ ನೋಟ್ ಪುಸ್ತಕ ತೆಗೆಯಿರಿ. ಸ್ವೈಪ್ ಮಷಿನ್‌ನ ಜಮೆಯಾದರೆ ದಿನದ ಕಾರ್ಡ್ ವ್ಯಾಪಾರವೆಲ್ಲ ಒಂದೇ ಗಂಟಾಗಿ, ಕಮಿಷನ್ ಕಳೆದು ಬರುತ್ತದೆ. ಅದನ್ನು ಬ್ಯಾಂಕ್ ಸಾಲಿನಿಂದ ಬಿಡಿಸಲು ಹೋಗಬೇಡಿ, ಮಷಿನ್‌ನ ಸೆಟಲ್‌ಮೆಂಟ್ ವರದಿ ತರಿಸಿ.

ಒಂದು ಪೇಮೆಂಟ್, ನಾಲ್ಕು ಬಿಲ್

50,000 ಬಂತು. ನಾಲ್ಕು ಬಿಲ್ ಬಾಕಿ, ಯಾವುದೂ 50,000 ಇಲ್ಲ. ಬ್ಯಾಂಕ್ ಸಾಲಿನಲ್ಲಿ ಒಂದೇ ಬಿಲ್ ನಂಬರ್ ಹಾಕುವ ಜಾಗ ಇರುವವರೆಗೆ ಇದು ಬಗೆಹರಿಯುವುದಿಲ್ಲ. ಫಾರ್ಮುಲಾ ಎಷ್ಟು ತಿದ್ದಿದರೂ ವ್ಯರ್ಥ, ಶೀಟ್‌ನ ಅಡಿಪಾಯವೇ ತಪ್ಪು. ನಾನು ಮೂರನೇ ಶೀಟ್ ಮಾಡಿದೆ, ಹೆಸರು "ಹಂಚಿಕೆ". ಒಂದು ಸಾಲಿಗೆ ಮೂರೇ ವಿಷಯ: ಪೇಮೆಂಟ್ ರೆಫರೆನ್ಸ್, ಬಿಲ್ ನಂಬರ್, ಆ ಬಿಲ್‌ಗೆ ಹಾಕಿದ ಮೊತ್ತ. ಒಂದು ಪೇಮೆಂಟ್ ನಾಲ್ಕು ಸಾಲಾಗಬಹುದು, ಒಂದು ಬಿಲ್‌ಗೆ ಮೂರು ಪೇಮೆಂಟ್ ಸಾಲು ಬರಬಹುದು. ಬಿಲ್ ಶೀಟೂ ಬ್ಯಾಂಕ್ ಶೀಟೂ ಸಮ್‌ಇಫ್ಸ್‌ನಿಂದ ಇಲ್ಲಿಂದಲೇ ಮೊತ್ತ ಎತ್ತಿಕೊಳ್ಳುತ್ತವೆ. ಮೊತ್ತ ಚೊಕ್ಕ ಹೊಂದಿದ್ದನ್ನು ಫಾರ್ಮುಲಾ ಸೂಚಿಸುತ್ತದೆ, ಉಳಿದದ್ದು ನನ್ನ ಕೈಕೆಲಸ.

ಯಾವ ಬಿಲ್‌ಗೆ ಹಾಕಬೇಕು ಅನ್ನುವುದಕ್ಕೆ ಕಾನೂನೇ ಇದೆ. 1872ರ ಭಾರತೀಯ ಕರಾರು ಕಾಯ್ದೆಯ 59ರಿಂದ 61ನೇ ಕಲಂ. ಕೊಡುವವರು ಇಂಥ ಬಿಲ್‌ಗೆ ಅಂತ ಹೇಳಿ ಕೊಟ್ಟರೆ ಅದನ್ನು ತೆಗೆದುಕೊಂಡ ಮೇಲೆ ಅದಕ್ಕೇ ಹಾಕಬೇಕು. ಏನೂ ಹೇಳದಿದ್ದರೆ ತೆಗೆದುಕೊಂಡವರ ಇಷ್ಟ. ಇಬ್ಬರೂ ಹೇಳದಿದ್ದರೆ ಹಳೆಯದು ಮೊದಲು. ನಮ್ಮ ಹುಡುಗ ಎಲ್ಲದಕ್ಕೂ ಹಳೆಯ ಬಿಲ್ ಮೊದಲು ಅಂತ ಹಾಕಿಬಿಡುತ್ತಿದ್ದ. ಪೈಪಿನ ಗುಣಮಟ್ಟದ ತಕರಾರಿಗೆ ಒಬ್ಬರು ಒಂದು ಬಿಲ್ ತಡೆಹಿಡಿದು, ಮುಂದಿನ ಬಿಲ್ ನಂಬರ್ ಬರೆದೇ ದುಡ್ಡು ಕಳಿಸಿದ್ದರು. ಅದು ಹೋಗಿ ತಕರಾರಿನ ಬಿಲ್ ಮೇಲೆ ಕೂತಿತು. ತಕರಾರು ಮುಗಿಯಿತು ಅಂತ ನಾವು ಇಲ್ಲಿ ಅಂದುಕೊಂಡೆವು, ಅಲ್ಲಿ ಅವರು ಇನ್ನೂ ಕಾಯುತ್ತಿದ್ದರು. ಈಗ ಬ್ಯಾಂಕ್ ವಿವರದಲ್ಲಿ ಬಿಲ್ ನಂಬರ್ ಇದೆಯೇ ಅಂತ ಮೊದಲು ನೋಡುತ್ತೇನೆ. ಇಲ್ಲದಿದ್ದರೆ ವಾಟ್ಸಾಪ್‌ನಲ್ಲಿ ಒಂದು ಮಾತು ಕೇಳುತ್ತೇನೆ. ಉತ್ತರ ಬರುವವರೆಗೆ ಆ ದುಡ್ಡು "ಆನ್ ಅಕೌಂಟ್", ಅಂದರೆ ಯಾವ ಬಿಲ್‌ಗೂ ಹಾಕದೇ ಆ ಪಾರ್ಟಿಯ ಹೆಸರಿನಲ್ಲೇ ಇಟ್ಟಿರುತ್ತೇನೆ.

ಚೆಕ್ ವಾಪಸ್ ಆದದ್ದನ್ನು ಮರೆಯಬೇಡಿ. ಅದು ಬ್ಯಾಂಕಿನಲ್ಲಿ ಖರ್ಚಿನ ಕಾಲಂನಲ್ಲಿ ಬರುತ್ತದೆ, ಜಮೆ ಮಾತ್ರ ಎತ್ತಿಕೊಳ್ಳುವ ಶೀಟ್‌ಗೆ ಕಾಣುವುದೇ ಇಲ್ಲ. ಹಂಚಿಕೆ ಶೀಟ್‌ನಲ್ಲಿ ಅದೇ ಬಿಲ್‌ಗೆ ಮೈನಸ್ ಮೊತ್ತದ ಸಾಲು ಹಾಕಿ. ಹಳೆಯ ಸಾಲು ಅಳಿಸಿದರೆ ಮುಂದೆ ಯಾರಾದರೂ ಕೇಳಿದಾಗ ತೋರಿಸಲು ಏನೂ ಇರುವುದಿಲ್ಲ.

ಹರಿಹರದವರಿಗೆ ಅವತ್ತೇ ಮಧ್ಯಾಹ್ನ ಫೋನ್ ಮಾಡಿ ತಪ್ಪಾಯಿತು ಅಂದೆ. "ಆಗ್ಲಿ ಬಿಡ್ರಿ, ಒಂದು ಲಾರಿ ಮಾಲು ಕಳಿಸ್ರಿ" ಅಂದರು. ಆಮೇಲೆ ಹಳೆಯ ಶೀಟ್‌ಗಳನ್ನೆಲ್ಲ ಇದೇ ಕ್ರಮದಲ್ಲಿ ಜಾಲಾಡಿದೆ. ಹುಡುಗ ಬಿಲ್‌ನಿಂದ ಬ್ಯಾಂಕಿಗೆ ಹುಡುಕಿದ ಒಂದು ತಿಂಗಳಿನಲ್ಲಿ ಒಂದೇ ಪೇಮೆಂಟ್ ಎರಡು ಬಿಲ್‌ಗೆ ಕೂತಿದ್ದು ಸಿಕ್ಕಿತು. ಅಂದರೆ ಒಬ್ಬರು ಕೊಡದೇ ಇದ್ದ ಬಿಲ್ ಮೂರು ತಿಂಗಳಿಂದ "ಬಂದಿದೆ" ಅಂತ ಇತ್ತು. ಅವರಿಗೂ ಗೊತ್ತಿತ್ತೋ ಏನೋ, ಸುಮ್ನೆ ಇದ್ದರು. ಆ ಫೋನ್ ಮಾತ್ರ ನಾನೇ ಮಾಡುತ್ತೇನೆ ಅಂತ ಹುಡುಗನಿಗೆ ಹೇಳಿದ್ದೇನೆ.